‘ರೆ’ ಎಲ್ಲಿದೆ ನೋಡಿ: ಸರ್ಕಾರದ ಬಜೆಟ್ ಅಂದಾಜುಗಳನ್ನು ಅನುಮಾನದಿಂದ ಓದುವ ಬಗೆ

2001ರ ಜನವರಿಯಲ್ಲಿ ಅಮೆರಿಕದ ಸಂಸತ್ತಿನ ಬಜೆಟ್ ಕಚೇರಿಯು, 2002ರಿಂದ 2011ರವರೆಗಿನ ಹತ್ತು ವರ್ಷಗಳಲ್ಲಿ ಅಲ್ಲಿನ ಕೇಂದ್ರ ಸರ್ಕಾರದ ಬೊಕ್ಕಸದಲ್ಲಿ ಖರ್ಚೆಲ್ಲ ಕಳೆದು ಒಟ್ಟು 5.6 ಟ್ರಿಲಿಯನ್ ಡಾಲರ್ ಮಿಗುತ್ತದೆ ಎಂದು ಲೆಕ್ಕ ಹಾಕಿತು. ಸರ್ಕಾರದ ಸಾಲವೆಲ್ಲ ತೀರಿಹೋದ ಮೇಲೆ ಮಿಕ್ಕ ಹಣವನ್ನು ಎಲ್ಲಿಡುವುದು ಎಂಬ ಪ್ರಶ್ನೆಯನ್ನು ಅಲ್ಲಿನ ಕೇಂದ್ರ ಬ್ಯಾಂಕಾದ ಫೆಡರಲ್ ರಿಸರ್ವ್‌ನ ಅಧ್ಯಕ್ಷ ಅಲನ್ ಗ್ರೀನ್‌ಸ್ಪ್ಯಾನ್ ಅದೇ ತಿಂಗಳು ಸೆನೆಟ್ ಸಮಿತಿಯೊಂದರ ಮುಂದೆ ಗಂಭೀರವಾಗಿಯೇ ಚರ್ಚಿಸಿದರು. 2002ಕ್ಕೆ 313 ಬಿಲಿಯನ್ ಡಾಲರ್ ಉಳಿತಾಯವೆಂದು ಬರೆದಿದ್ದ ಜಾಗದಲ್ಲಿ ವರ್ಷ ಮುಗಿಯುವಾಗ 158 ಬಿಲಿಯನ್ ಡಾಲರ್ ಕೊರತೆ ಕಾಣಿಸಿತು. ಹತ್ತು ವರ್ಷ ಕಳೆಯುವಷ್ಟರಲ್ಲಿ ಕೊರತೆಗಳ ಮೊತ್ತ 6 ಟ್ರಿಲಿಯನ್ ದಾಟಿತ್ತು.

ಆ ಕಚೇರಿಯವರು ಸುಳ್ಳು ಹೇಳಿದ್ದರೆ ವಿಷಯ ಸುಲಭವಾಗಿತ್ತು. ಅವರು ಹೇಳಿದ್ದು ಇಷ್ಟೇ: ಇಂದಿನ ಕಾನೂನುಗಳು ಹೀಗೆಯೇ ಮುಂದುವರಿದರೆ, ಆರ್ಥಿಕತೆ ನಾವೆಣಿಸಿದಂತೆ ಬೆಳೆದರೆ, ತೆರಿಗೆ ಈಗ ಹರಿದುಬರುವಂತೆಯೇ ಹರಿದುಬಂದರೆ, ಇಷ್ಟು ಮಿಗುತ್ತದೆ. ತಮ್ಮ ಲೆಕ್ಕ ಎಷ್ಟು ತಪ್ಪಬಹುದು ಎಂಬುದಕ್ಕೆ ಅದೇ ವರದಿಯಲ್ಲಿ ಒಂದು ಅಧ್ಯಾಯವನ್ನೇ ಮೀಸಲಿಟ್ಟಿದ್ದರು. ಓದಿದವರು ಮೂರು ‘ರೆ’ಗಳನ್ನೂ ಬಿಟ್ಟು 5.6ನ್ನು ಮಾತ್ರ ಎತ್ತಿಕೊಂಡು ಹೋದರು. ಆ ಬಲದ ಮೇಲೆ ಅದೇ ವರ್ಷ ಜೂನ್‌ನಲ್ಲಿ ದೊಡ್ಡ ತೆರಿಗೆ ಕಡಿತದ ಕಾನೂನೂ ಬಂತು. ಮುಂದೆ ಕಚೇರಿಯೇ ಹಿಂತಿರುಗಿ ನೋಡಿದಾಗ, ಅಂದಾಜಿಗೂ ವಾಸ್ತವಕ್ಕೂ ನಡುವಿನ ಅಂತರದಲ್ಲಿ ಮೂರನೇ ಎರಡು ಭಾಗಕ್ಕಿಂತ ಹೆಚ್ಚು ಆಮೇಲೆ ಮಾಡಿದ ಕಾನೂನುಗಳಿಂದ ಬಂದದ್ದೆಂದೂ, ಉಳಿದದ್ದು ಆರ್ಥಿಕತೆಯ ಏರುಪೇರು ಮತ್ತು ತಾಂತ್ರಿಕ ತಪ್ಪೆಣಿಕೆಗಳಿಂದ ಬಂದದ್ದೆಂದೂ ತಿಳಿಯಿತು. ಅತ್ತೆಗೆ ಮೀಸೆ ಬಂದರೆ ಚಿಕ್ಕಪ್ಪ ಎನ್ನಬಹುದು ಎಂಬ ಗಾದೆಯ ಇಡೀ ತೂಕ ನಿಂತಿರುವುದು ‘ಬಂದರೆ’ ಎಂಬ ಪದದ ಕೊನೆಯ ಅಕ್ಷರದ ಮೇಲೆ. ಬಜೆಟ್ ಅಂದಾಜುಗಳೂ ಹಾಗೆಯೇ. ಸರ್ಕಾರದ ಅಂಕಿಯನ್ನು ಅನುಮಾನಿಸುವುದೆಂದರೆ ಅದನ್ನು ತಳ್ಳಿಹಾಕುವುದಲ್ಲ. ಅದರೊಳಗೆ ಅಡಗಿರುವ ‘ರೆ’ಗಳನ್ನು ಹುಡುಕಿ ತೆಗೆದು, ಪ್ರತಿಯೊಂದೂ ಕೈಕೊಟ್ಟರೆ ಎಷ್ಟು ನಷ್ಟವೆಂದು ಲೆಕ್ಕ ಹಾಕುವುದು. ಒಂದು ಹಾಳೆ, ಒಂದು ಕ್ಯಾಲ್ಕುಲೇಟರ್, ಹಳೆಯ ನಾಲ್ಕೈದು ಬಜೆಟ್ ಪುಸ್ತಕಗಳು ಇದ್ದರೆ ಆಯಿತು.

ಕೈಯಲ್ಲಿರುವುದು ಯಾವ ಜಾತಿಯ ಅಂಕಿ

‘ಮುಂದಿನ ವರ್ಷ ಕೊರತೆ ಶೇಕಡಾ 3’ (ಅಂದರೆ ದೇಶದ ಒಂದು ವರ್ಷದ ಒಟ್ಟು ಉತ್ಪನ್ನವಾದ ಜಿಡಿಪಿಯಲ್ಲಿ ಶೇಕಡಾ 3) ಎಂಬ ಒಂದೇ ವಾಕ್ಯ ಮೂರು ಬೇರೆ ಬೇರೆ ಅರ್ಥ ಕೊಡಬಹುದು. ಅದು ಗುರಿಯಾಗಿರಬಹುದು, ಅಂದರೆ ಸರ್ಕಾರ ತಲುಪಲು ಬಯಸುವ ಜಾಗ. ಮುನ್ನಂದಾಜಾಗಿರಬಹುದು, ಅಂದರೆ ಬಹುಶಃ ಹೀಗಾದೀತು ಎಂದು ಬರೆದವರೇ ನಂಬಿರುವ ಅಂಕಿ. ಅಥವಾ ಪ್ರೊಜೆಕ್ಷನ್ ಆಗಿರಬಹುದು, ಅಂದರೆ ಕೆಲವು ಷರತ್ತುಗಳನ್ನು ಹಾಗೆಯೇ ಹಿಡಿದಿಟ್ಟುಕೊಂಡು ಮುಂದಕ್ಕೆ ಎಳೆದ ಗೆರೆ. ಅದನ್ನು ಎಳೆದವರೇ ಆ ಷರತ್ತುಗಳು ಉಳಿಯುತ್ತವೆಂದು ನಂಬಿರಬೇಕಾಗಿಲ್ಲ. ಭಾಷಣದಲ್ಲಿ ಮೂರೂ ಒಂದೇ ಧಾಟಿಯಲ್ಲಿ ಕೇಳಿಸುತ್ತವೆ. ಗುರಿಯನ್ನು ಮುನ್ನಂದಾಜೆಂದು ಓದಿದರೆ ಏನಾಗುತ್ತದೆ ಎಂಬುದಕ್ಕೆ ಜಪಾನ್ ಉದಾಹರಣೆ: ಬಡ್ಡಿ ಬಿಟ್ಟು ಉಳಿದ ಲೆಕ್ಕದಲ್ಲಿ ಮಿಗತೆ ಸಾಧಿಸುವ ವರ್ಷವನ್ನು ಅಲ್ಲಿ ಒಮ್ಮೆ 2011 ಎಂದರು, ಬಳಿಕ 2020 ಎಂದರು, 2018ರಲ್ಲಿ ಅದನ್ನು 2025ಕ್ಕೆ ಸರಿಸಿದರು. ಆದ್ದರಿಂದ ಅಂಕಿ ಕಂಡ ಕೂಡಲೇ ಅದರ ಪಕ್ಕದ ಕ್ರಿಯಾಪದವನ್ನು ನೋಡಿ. ‘ಸಾಧಿಸಲಾಗುವುದು’ ಎಂದಿದ್ದರೆ ಗುರಿ, ‘ಆಗುವ ನಿರೀಕ್ಷೆಯಿದೆ’ ಎಂದಿದ್ದರೆ ಮುನ್ನಂದಾಜು, ‘ಎಂದು ಭಾವಿಸಿ’ ಎಂದು ಎಲ್ಲೋ ಅಡಿಟಿಪ್ಪಣಿಯಲ್ಲಿದ್ದರೆ ಪ್ರೊಜೆಕ್ಷನ್.

ಹಳೆಯ ಪುಸ್ತಕದಿಂದ ಆರಂಭಿಸಿ

ಈ ವರ್ಷದ ಬಜೆಟ್ಟನ್ನು ಓದಲು ಅತ್ಯಂತ ಉಪಯುಕ್ತ ದಾಖಲೆ ಈ ವರ್ಷದ ಬಜೆಟ್ ಅಲ್ಲ. ಎರಡು ವರ್ಷ ಹಿಂದಿನದನ್ನು ತೆಗೆಯಿರಿ. ಭಾರತದ ಕೇಂದ್ರ ಬಜೆಟ್ ಈ ವಿಷಯದಲ್ಲಿ ಓದುಗನಿಗೆ ದೊಡ್ಡ ಉಪಕಾರವನ್ನೇ ಮಾಡಿದೆ. ಪ್ರತಿ ಬಾಬಿನ ಎದುರೂ ಬಜೆಟ್ ಅಂದಾಜು, ಪರಿಷ್ಕೃತ ಅಂದಾಜು, ವಾಸ್ತವಿಕ ಲೆಕ್ಕ ಎಂಬ ಅಂಕಣಗಳಿರುತ್ತವೆ, ಆದರೆ ಅವೆಲ್ಲ ಒಂದೇ ವರ್ಷದವಲ್ಲ. ಒಂದೇ ವರ್ಷದ ಮೂರು ಅಂಕಿಗಳನ್ನು ಸಾಲಾಗಿ ನೋಡಬೇಕೆಂದರೆ ಬೇರೆ ಬೇರೆ ವರ್ಷಗಳ ಪುಸ್ತಕಗಳನ್ನು ಮುಂದಿಟ್ಟುಕೊಂಡು ನೀವೇ ಪಟ್ಟಿ ಮಾಡಬೇಕು. ಬೇಸರದ ಕೆಲಸ, ನಿಜ. ಆದರೆ ಇಡೀ ಅಭ್ಯಾಸದಲ್ಲಿ ಇಷ್ಟು ಫಲ ಕೊಡುವ ಕೆಲಸ ಇನ್ನೊಂದಿಲ್ಲ.

ಒಂದು ವರ್ಷವನ್ನು ಹತ್ತಿರದಿಂದ ನೋಡೋಣ. 2019ರ ಫೆಬ್ರುವರಿಯ ಮಧ್ಯಂತರ ಬಜೆಟ್ಟಿನಲ್ಲಿ, ರಾಜ್ಯಗಳ ಪಾಲು ಕಳೆದು ಕೇಂದ್ರಕ್ಕೆ ಉಳಿಯುವ 2018-19ರ ತೆರಿಗೆ ಆದಾಯವು ಪರಿಷ್ಕೃತ ಅಂದಾಜಿನ ಪ್ರಕಾರ 14.84 ಲಕ್ಷ ಕೋಟಿ ರೂಪಾಯಿ ಎಂದಿತ್ತು. ಮೇ ಕೊನೆಗೆ ತಾತ್ಕಾಲಿಕ ಲೆಕ್ಕ ಹೊರಬಂದಾಗ ನಿಜವಾಗಿ ಬಂದದ್ದು 13.17 ಲಕ್ಷ ಕೋಟಿ ಎಂದು ಗೊತ್ತಾಯಿತು. ಜುಲೈಯಲ್ಲಿ ಪೂರ್ಣ ಬಜೆಟ್ ಮಂಡನೆಯಾದಾಗಲೂ 2018-19ರ ಅಂಕಣದಲ್ಲಿ ಅದೇ ಹಳೆಯ 14.84 ಕುಳಿತಿತ್ತು, ಅದರ ಪಕ್ಕದಲ್ಲಿ 2019-20ರ ನಿರೀಕ್ಷೆ 16.50 ಲಕ್ಷ ಕೋಟಿ ಎಂದಿತ್ತು. ಪುಸ್ತಕವನ್ನಷ್ಟೇ ನೋಡಿದವನಿಗೆ ತೆರಿಗೆ ಶೇಕಡಾ 11ರಷ್ಟು ಬೆಳೆಯಬೇಕು ಎಂದು ತೋರುತ್ತದೆ. ಅದು ದೊಡ್ಡ ಮಾತೇನಲ್ಲ. ಕೈಗೆ ಬಂದ 13.17ರಿಂದ ಎಣಿಸಿದರೆ ಅದೇ 16.50ಕ್ಕೆ ತಲುಪಲು ಶೇಕಡಾ 25ರ ಬೆಳವಣಿಗೆ ಬೇಕು. ಗುಣಿಸುವ ದರದ ಬಗ್ಗೆ ಎಲ್ಲರೂ ವಾದಿಸುತ್ತಾರೆ, ಯಾವ ಅಂಕಿಯನ್ನು ಗುಣಿಸುತ್ತಿದ್ದೇವೆ ಎಂದು ಯಾರೂ ಕೇಳುವುದಿಲ್ಲ. ಕೊನೆಗೆ ಆ ವರ್ಷ ಬಂದದ್ದು 13.57 ಲಕ್ಷ ಕೋಟಿ. ಸೆಪ್ಟೆಂಬರಿನಲ್ಲಿ ಕಂಪನಿಗಳ ತೆರಿಗೆಯನ್ನು ಇಳಿಸಿದ್ದೂ ಇದಕ್ಕೆ ಕಾರಣವೆಂಬುದನ್ನು ನ್ಯಾಯವಾಗಿ ಹೇಳಬೇಕು, ಆದರೆ ಆ ಕಡಿತವಿಲ್ಲದಿದ್ದರೂ 16.50 ಕೈಗೆಟುಕುವ ಅಂಕಿಯಾಗಿರಲಿಲ್ಲ. ಶೇಕಡಾ 3.3 ಎಂದು ಹೇಳಿದ್ದ ವಿತ್ತೀಯ ಕೊರತೆ ಶೇಕಡಾ 4.6ಕ್ಕೆ ಹೋಯಿತು.

ಆದ್ದರಿಂದ ಯಾವ ಬೆಳವಣಿಗೆಯ ದರ ಕಂಡರೂ ಛೇದದಲ್ಲಿರುವ ಅಂಕಿಯ ಮೇಲೆ ಬೆರಳಿಟ್ಟು ಕೇಳಿ: ಇದು ಆದದ್ದೋ, ಆಗಬಹುದೆಂದು ಎಣಿಸಿದ್ದೋ? ಎಣಿಸಿದ್ದಾದರೆ, ಈಚಿನ ತಿಂಗಳ ಲೆಕ್ಕ ಏನು ಹೇಳುತ್ತದೆ? ಹೆಚ್ಚಿನ ದೇಶಗಳಲ್ಲಿ ತಿಂಗಳ ಅಥವಾ ತ್ರೈಮಾಸಿಕದ ಜಮಾಖರ್ಚು ಪ್ರಕಟವಾಗುತ್ತದೆ, ಮತ್ತು ಅದನ್ನು ಬಜೆಟ್ ಭಾಷಣದಷ್ಟು ಜನ ಓದುವುದಿಲ್ಲ.

ಹೀಗೆ ಐದಾರು ವರ್ಷಗಳ ಪಟ್ಟಿ ಮಾಡಿದ ಮೇಲೆ ತಪ್ಪಿನ ಗಾತ್ರಕ್ಕಿಂತ ಅದರ ದಿಕ್ಕನ್ನು ನೋಡಿ. ಬಾಣಗಳು ಗುರಿಯ ಸುತ್ತ ಎಲ್ಲ ಕಡೆ ಬಿದ್ದಿದ್ದರೆ ಅದು ಕೈನಡುಕ. ಎಲ್ಲವೂ ಒಂದೇ ಬದಿಗೆ ಬಿದ್ದಿದ್ದರೆ ಬಿಲ್ಲೇ ಸೊಟ್ಟ. ಹಾರ್ವರ್ಡ್‌ನ ಅರ್ಥಶಾಸ್ತ್ರಜ್ಞ ಜೆಫ್ರಿ ಫ್ರಾಂಕೆಲ್ 33 ದೇಶಗಳ ಅಧಿಕೃತ ಅಂದಾಜುಗಳನ್ನು ಪರಿಶೀಲಿಸಿ 2011ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಸರಾಸರಿಯಾಗಿ ಈ ಅಂದಾಜುಗಳು ಆಶಾವಾದದ ಕಡೆಗೇ ವಾಲಿರುತ್ತವೆ, ಎಷ್ಟು ದೂರದ ವರ್ಷವೋ ವಾಲುವಿಕೆಯೂ ಅಷ್ಟು ಹೆಚ್ಚು, ಒಳ್ಳೆಯ ಕಾಲದಲ್ಲಿ ಇನ್ನೂ ಹೆಚ್ಚು ಎಂದು ಕಂಡುಕೊಂಡರು. ಕೊರತೆ ಶೇಕಡಾ 3 ಮೀರಬಾರದೆಂಬ ನಿಯಮಕ್ಕೆ ಒಳಪಟ್ಟ ಯೂರೋ ವಲಯದ ದೇಶಗಳಲ್ಲಿ ಈ ಚಾಳಿ ಎದ್ದು ಕಾಣುತ್ತಿತ್ತು; ನಿಯಮ ಬಿಗಿಯಾದಾಗ ಖರ್ಚು ಕಡಿಮೆಯಾಗುವ ಬದಲು ಅಂದಾಜು ಸಿಹಿಯಾಗುತ್ತದೆ ಎಂದರ್ಥ. ಎಲ್ಲರ ಬಿಲ್ಲೂ ಅದೇ ಕಡೆಗೆ ಸೊಟ್ಟಗಿರುವುದಿಲ್ಲ ಎಂಬುದೂ ನೆನಪಿರಲಿ. ಕೆನಡಾದ ಹಣಕಾಸು ಸಚಿವರಾಗಿದ್ದ ಪಾಲ್ ಮಾರ್ಟಿನ್ 1990ರ ದಶಕದ ಕೊನೆಯಲ್ಲಿ ಬೇಕೆಂದೇ ಎಚ್ಚರಿಕೆಯ ಅಂದಾಜು ಮಾಡಿ, ಅದರ ಮೇಲೆ ಸುಮಾರು 3 ಬಿಲಿಯನ್ ಡಾಲರ್ ಆಪದ್ಧನವನ್ನೂ ಇಟ್ಟುಕೊಳ್ಳುತ್ತಿದ್ದರು. ಹೀಗಾಗಿ ವರ್ಷದ ಕೊನೆಗೆ ಅನಿರೀಕ್ಷಿತವಾಗಿ ಹಣ ಮಿಗುವುದು ಅಲ್ಲಿ ವಾಡಿಕೆಯಾಗಿಬಿಟ್ಟಿತ್ತು. ಹೇಳದೆ ಮಿಗಿಸಿದ ಹಣಕ್ಕೆ ಯಾರೂ ಮೊದಲೇ ಕೈಚಾಚುವುದಿಲ್ಲ. ಇದೂ ಒಂದು ರಾಜಕೀಯವೇ.

ಬೆಳವಣಿಗೆಯ ದರ ಎಂಬ ಸಣ್ಣ ಮಾತು

ಎಲ್ಲ ‘ರೆ’ಗಳ ತಾಯಿ ಬೆಳವಣಿಗೆಯ ದರ. ಇಲ್ಲಿ ನೋಡಬೇಕಾದದ್ದು ಪತ್ರಿಕೆಗಳ ತಲೆಬರಹದಲ್ಲಿರುವ ನೈಜ ಬೆಳವಣಿಗೆಯಲ್ಲ, ಬೆಲೆಯೇರಿಕೆಯೂ ಸೇರಿದ ಬೆಳವಣಿಗೆ. ಏಕೆಂದರೆ ತೆರಿಗೆ ಬೀಳುವುದು ಚಾಲ್ತಿ ಬೆಲೆಯ ವಹಿವಾಟಿನ ಮೇಲೆ. ಅದರ ಜೊತೆಗೇ ಹೋಗುವ ಇನ್ನೊಂದು ಅಂಕಿಗೆ ಅರ್ಥಶಾಸ್ತ್ರದವರು ತೆರಿಗೆಯ ಬಾಯನ್ಸಿ ಎನ್ನುತ್ತಾರೆ: ಜಿಡಿಪಿ ಶೇಕಡಾ 1 ಏರಿದಾಗ ತೆರಿಗೆ ಶೇಕಡಾ ಎಷ್ಟು ಏರುತ್ತದೆ ಎಂಬ ಅನುಪಾತ. ಇದು ಭಾಷಣದಲ್ಲಿ ಬರುವುದಿಲ್ಲ, ತೆರಿಗೆಯ ಬೆಳವಣಿಗೆಯನ್ನು ಜಿಡಿಪಿಯ ಬೆಳವಣಿಗೆಯಿಂದ ಭಾಗಿಸಿ ನೀವೇ ಹೊರತೆಗೆಯಬೇಕು.

ಒಂದು ಕಲ್ಪಿತ ದೇಶದ ಲೆಕ್ಕವನ್ನು ಹಾಳೆಯ ಮೇಲೆ ಮಾಡಿ. ಜಿಡಿಪಿ 100, ಆದಾಯ 20, ಖರ್ಚು 23. ಈ ವರ್ಷದ ಕೊರತೆ ಶೇಕಡಾ 3. ಮುಂದಿನ ವರ್ಷಕ್ಕೆ ಖರ್ಚು 24.5 ಎಂದು ಮಂಜೂರಾಗಿದೆ. ಸಂಬಳ, ಪಿಂಚಣಿ, ಬಡ್ಡಿ ಇವೇ ಅದರಲ್ಲಿ ಬಹುಪಾಲಾದ್ದರಿಂದ ಅದನ್ನು ಇಳಿಸುವುದು ಸುಲಭವಲ್ಲ. ಸರ್ಕಾರ ಹೇಳುತ್ತದೆ: ಜಿಡಿಪಿ ಶೇಕಡಾ 10 ಬೆಳೆಯುತ್ತದೆ, ಬಾಯನ್ಸಿ 1.2. ಹಾಗಾದರೆ ಆದಾಯ ಶೇಕಡಾ 12 ಏರಿ 22.4 ಆಗುತ್ತದೆ, ಕೊರತೆ 2.1, ಜಿಡಿಪಿ 110 ಇರುವುದರಿಂದ ಅದು ಶೇಕಡಾ 1.9. ಒಂದೇ ವರ್ಷದಲ್ಲಿ 3ರಿಂದ 1.9ಕ್ಕೆ ಇಳಿಕೆ, ಭಾಷಣಕ್ಕೆ ಸೊಗಸಾದ ಸಾಲು. ಈಗ ಯಾವ ಮಹಾವಿಪತ್ತನ್ನೂ ತರದೆ, ಜಿಡಿಪಿ ಶೇಕಡಾ 7 ಮಾತ್ರ ಬೆಳೆಯಿತು, ಬಾಯನ್ಸಿ 0.8 ಆಯಿತು ಎಂದಿಟ್ಟುಕೊಳ್ಳಿ. ಆದಾಯ ಶೇಕಡಾ 5.6 ಏರಿ 21.12, ಕೊರತೆ 3.38, ಜಿಡಿಪಿ 107. ಅಂದರೆ ಶೇಕಡಾ 3.2. ಇಳಿಯಬೇಕಿದ್ದ ಕೊರತೆ ಏರಿತು, ಖರ್ಚಿನಲ್ಲಿ ಒಂದು ಬಿಡಿಗಾಸೂ ವ್ಯತ್ಯಾಸವಾಗದೆ.

ಈ ಎರಡು ತಪ್ಪುಗಳು ಸ್ವತಂತ್ರವಲ್ಲ ಎಂಬುದನ್ನು ಗಮನಿಸಬೇಕು. ಬೆಳವಣಿಗೆ ಕುಸಿದಾಗ ಕಂಪನಿಗಳ ಲಾಭ ಅದಕ್ಕಿಂತ ವೇಗವಾಗಿ ಕುಸಿಯುತ್ತದೆ, ಷೇರುಪೇಟೆಯ ಲಾಭದ ಮೇಲಿನ ತೆರಿಗೆಯಂತೂ ಬತ್ತಿಯೇ ಹೋಗುತ್ತದೆ. 2001ರ ಅಮೆರಿಕದ ಲೆಕ್ಕವನ್ನು ಮೊದಲ ವರ್ಷವೇ ಕೆಡಿಸಿದ್ದರಲ್ಲಿ ಇಂಟರ್‌ನೆಟ್ ಕಂಪನಿಗಳ ಷೇರುಬೆಲೆ ಉಬ್ಬಿದ್ದ ಡಾಟ್‌ಕಾಂ ಗುಳ್ಳೆ ಒಡೆದದ್ದರ ಪಾಲೂ ಇತ್ತು. ಹಾಗಾಗಿ ದರ ತಪ್ಪಿದರೆ ಅನುಪಾತವೂ ಅದೇ ದಿಕ್ಕಿನಲ್ಲಿ ತಪ್ಪುತ್ತದೆ, ಛೇದವೂ ಕುಗ್ಗುತ್ತದೆ. ಇನ್ನೊಂದು ಸೂಕ್ಷ್ಮವಿದೆ: ಕೊರತೆ ಇಳಿಸಲೆಂದೇ ಖರ್ಚು ಕಡಿದಾಗ ಆ ಕಡಿತವೇ ಬೆಳವಣಿಗೆಯನ್ನು ತಗ್ಗಿಸುತ್ತದೆ. ಯೂರೋಪಿನ ಸಾಲದ ಬಿಕ್ಕಟ್ಟಿನಲ್ಲಿ ಈ ಪೆಟ್ಟನ್ನು ಮುನ್ನಂದಾಜು ಮಾಡುವವರು ತುಂಬ ಕಡಿಮೆ ಎಣಿಸಿದ್ದರು ಎಂದು ಅಂತರರಾಷ್ಟ್ರೀಯ ಹಣಕಾಸು ನಿಧಿಯ ಮುಖ್ಯ ಅರ್ಥಶಾಸ್ತ್ರಜ್ಞ ಒಲಿವಿಯೇ ಬ್ಲಾಂಶಾರ್ ಮತ್ತು ಅವರ ಸಹೋದ್ಯೋಗಿ ಡೇನಿಯಲ್ ಲೀ 2013ರ ಜನವರಿಯ ಪ್ರಬಂಧದಲ್ಲಿ ತೋರಿಸಿದರು. ಹೀಗಾಗಿ ‘ಖರ್ಚನ್ನು ಇಷ್ಟು ಕಡಿಯುತ್ತೇವೆ, ಬೆಳವಣಿಗೆ ಹಾಗೆಯೇ ಇರುತ್ತದೆ’ ಎಂಬ ಕೋಷ್ಟಕ ಕಂಡರೆ ಒಂದು ಗೆರೆ ಎಳೆದಿಡಿ.

ಬರೆದವರೇ ನಂಬದ ಕಾನೂನು

ಕೆಲವು ‘ರೆ’ಗಳು ಪ್ರಾಮಾಣಿಕ, ಕೆಲವು ನಾಟಕ. ಬ್ರಿಟನ್ನಿನ ಇಂಧನ ಸುಂಕದ ಕಥೆ ನಾಟಕದ ಜಾತಿಗೆ ಸೇರಿದ್ದು. ಅಲ್ಲಿ ಪೆಟ್ರೋಲ್ ಮತ್ತು ಡೀಸೆಲ್ ಮೇಲಿನ ಸುಂಕ ಪ್ರತಿವರ್ಷ ಬೆಲೆಯೇರಿಕೆಯ ಜೊತೆ ಏರುತ್ತದೆ ಎಂಬುದು ಸರ್ಕಾರದ ಘೋಷಿತ ನೀತಿ. ಘೋಷಿತ ನೀತಿಯನ್ನೇ ಆಧಾರವಾಗಿಟ್ಟುಕೊಂಡು ಲೆಕ್ಕ ಹಾಕಬೇಕೆಂಬುದು ಅಲ್ಲಿನ ಬಜೆಟ್ ಹೊಣೆಗಾರಿಕೆ ಕಚೇರಿಗೆ ಇರುವ ಕಟ್ಟಳೆ. ಹೀಗಾಗಿ ಮುಂದಿನ ವರ್ಷಗಳ ಕೋಷ್ಟಕದಲ್ಲಿ ಏರಿದ ಸುಂಕದ ಆದಾಯ ಮೊದಲೇ ಜಮೆಯಾಗಿರುತ್ತದೆ. ಬಜೆಟ್ ದಿನ ಬಂದಾಗ ಸಚಿವರು ಈ ವರ್ಷ ಮಾತ್ರ ಏರಿಕೆ ಬೇಡ ಎನ್ನುತ್ತಾರೆ. ಆ ಒಂದು ವರ್ಷದ ನಷ್ಟ ಲೆಕ್ಕಕ್ಕೆ ಬರುತ್ತದೆ, ಉಳಿದ ವರ್ಷಗಳ ಏರಿಕೆ ಕಾಗದದ ಮೇಲೆ ಹಾಗೆಯೇ ನಿಂತಿರುತ್ತದೆ. 2011ರ ಮಾರ್ಚಿನಿಂದ 2025ರವರೆಗೆ ಒಮ್ಮೆಯೂ ಆ ಏರಿಕೆ ಆಗಲಿಲ್ಲ, 2022ರಲ್ಲಂತೂ ಲೀಟರಿಗೆ 5 ಪೆನ್ಸ್ ಇಳಿಸಿದರು. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸುವುದನ್ನು ಕೇಳಿದ್ದೇವೆ. ಇಲ್ಲಿ ಕೂಸು ಬೇಡವೆಂದು ಪ್ರತಿವರ್ಷ ನಿರ್ಧರಿಸಿ, ಪ್ರತಿವರ್ಷವೂ ಕುಲಾವಿಯನ್ನು ಆಸ್ತಿಪಟ್ಟಿಯಲ್ಲಿ ಬರೆಯುತ್ತಾರೆ.

ಅಮೆರಿಕದಲ್ಲಿ ಇದರ ಜೋಡಿ ಕಥೆಯಿದೆ. ಹಿರಿಯ ನಾಗರಿಕರ ಮೆಡಿಕೇರ್ ಯೋಜನೆಯಲ್ಲಿ ವೈದ್ಯರಿಗೆ ಕೊಡುವ ಶುಲ್ಕವನ್ನು ಒಂದು ಸೂತ್ರಕ್ಕೆ ಕಟ್ಟಿಹಾಕುವ ಕಾನೂನು 1997ರಲ್ಲಿ ಬಂತು. 2003ರಿಂದ ಆ ಸೂತ್ರದ ಪ್ರಕಾರ ಶುಲ್ಕ ಇಳಿಯಬೇಕಾದಾಗಲೆಲ್ಲ ಸಂಸತ್ತು ಅದನ್ನು ಮುಂದೂಡಿತು, 2015ರಲ್ಲಿ ಸೂತ್ರವನ್ನೇ ಕೈಬಿಟ್ಟಿತು. ಅಲ್ಲಿಯವರೆಗೆ ಪ್ರತಿ ಪ್ರೊಜೆಕ್ಷನ್‌ನಲ್ಲೂ ನಡೆಯದ ಕಡಿತದ ಉಳಿತಾಯ ಸೇರಿಕೊಂಡೇ ಇತ್ತು. 2001ರ ತೆರಿಗೆ ಕಡಿತವೂ ಇಂಥದ್ದೇ: 2010ರ ಕೊನೆಗೆ ತಾನಾಗಿ ಕೊನೆಗೊಳ್ಳುವಂತೆ ಅದನ್ನು ಬರೆದದ್ದರಿಂದ ಹತ್ತು ವರ್ಷದ ಲೆಕ್ಕದಲ್ಲಿ ಅಗ್ಗವಾಗಿ ಕಂಡಿತು, ಕಾಲ ಬಂದಾಗ ಬಹುಭಾಗ ಮುಂದುವರಿಯಿತು. 2017ರ ಕಡಿತದಲ್ಲೂ ವ್ಯಕ್ತಿಗಳ ತೆರಿಗೆಗೆ ಸಂಬಂಧಿಸಿದ ಭಾಗ 2025ರ ಕೊನೆಗೆ ಮುಗಿಯಬೇಕಿತ್ತು. ಅದನ್ನು ಮುಂದುವರಿಸುವ 2025ರ ಕಾನೂನಿನಿಂದ ಹತ್ತು ವರ್ಷಗಳಲ್ಲಿ ಕೊರತೆ 3.4 ಟ್ರಿಲಿಯನ್ ಡಾಲರ್ ಹೆಚ್ಚುತ್ತದೆ ಎಂದು ಬಜೆಟ್ ಕಚೇರಿ ಲೆಕ್ಕ ಕೊಟ್ಟರೆ, ಈಗಿರುವುದನ್ನೇ ಮುಂದುವರಿಸುವುದಕ್ಕೆ ಖರ್ಚೇ ಇಲ್ಲ ಎಂಬ ಬೇರೊಂದು ಅಳತೆಗೋಲನ್ನು ಸೆನೆಟ್‌ನ ಬಹುಮತದವರು ಹಿಡಿದರು. ಮುಗಿಯುತ್ತದೆ ಎಂದು ಹೇಳಿ ಮೊದಲು ಅಗ್ಗ ಮಾಡಿಕೊಂಡದ್ದನ್ನು, ಇದ್ದದ್ದೇ ಅಲ್ಲವೇ ಎಂದು ಹೇಳಿ ಎರಡನೆಯ ಸಲ ಪುಕ್ಕಟೆ ಮಾಡಿಕೊಂಡಂತಾಯಿತು.

ಇದನ್ನು ಪತ್ತೆಹಚ್ಚುವ ಬಗೆ ಕಷ್ಟದ್ದಲ್ಲ. ಕೋಷ್ಟಕದಲ್ಲಿ ಇದ್ದಕ್ಕಿದ್ದಂತೆ ಆದಾಯ ಜಿಗಿಯುವ ಅಥವಾ ಖರ್ಚು ಕುಸಿಯುವ ವರ್ಷವನ್ನು ಗುರುತಿಸಿ, ಆ ವರ್ಷ ಯಾವ ಕಾನೂನು ಮುಗಿಯುತ್ತದೆ ಅಥವಾ ಶುರುವಾಗುತ್ತದೆ ಎಂದು ಹುಡುಕಿ, ಈ ಹಿಂದೆ ಅದೇ ಗಡುವು ಎಷ್ಟು ಸಲ ಸರಿದಿದೆ ಎಂದು ಎಣಿಸಿ. ಮೂರಕ್ಕಿಂತ ಹೆಚ್ಚು ಸಲ ಸರಿದಿದ್ದರೆ ಆ ಮೊತ್ತವನ್ನು ನಿಮ್ಮ ಹಾಳೆಯಿಂದ ಅಳಿಸಿಬಿಡಿ. ನೋವಿನ ನಿರ್ಧಾರಗಳೆಲ್ಲ ಮುಂದಿನ ಚುನಾವಣೆಯ ಆಚೆಗೆ ಬಿದ್ದಿರುವ ಯೋಜನೆಗೂ ಇದೇ ಉಪಚಾರ ಸಲ್ಲುತ್ತದೆ.

ಪುಸ್ತಕದ ಹೊರಗಿರುವ ಸಾಲ

ಇಷ್ಟುಹೊತ್ತು ನೋಡಿದ್ದು ಪುಸ್ತಕದೊಳಗಿನ ಅಂಕಿ. ಪುಸ್ತಕದೊಳಗೆ ಬಾರದ್ದೇ ಕೆಲವೊಮ್ಮೆ ದೊಡ್ಡದಾಗಿರುತ್ತದೆ. ಭಾರತದಲ್ಲಿ ಹಲವು ವರ್ಷ, ಆಹಾರ ನಿಗಮಕ್ಕೆ ಕೊಡಬೇಕಾದ ಸಬ್ಸಿಡಿಯನ್ನು ಕೇಂದ್ರ ಸರ್ಕಾರ ಪೂರ್ತಿ ಕೊಡದೆ, ನಿಗಮವೇ ಸಣ್ಣ ಉಳಿತಾಯ ನಿಧಿಯಿಂದ ಸಾಲ ಎತ್ತುವಂತೆ ಮಾಡುತ್ತಿತ್ತು. ಸಾಲ ನಿಗಮದ ಪುಸ್ತಕದಲ್ಲಿ, ಹೊಣೆ ಸರ್ಕಾರದ ತಲೆಯ ಮೇಲೆ, ಕೊರತೆಯ ಅಂಕಿಯಲ್ಲಿ ಸೊನ್ನೆ. 2021ರ ಫೆಬ್ರುವರಿಯಲ್ಲಿ ಈ ಪದ್ಧತಿಯನ್ನು ನಿಲ್ಲಿಸಿ ಹಳೆಯ ಸಾಲ ತೀರಿಸಲು ನಿರ್ಧರಿಸಿದಾಗ, 2020-21ರ ಆಹಾರ ಸಬ್ಸಿಡಿ ಬಜೆಟ್ ಅಂದಾಜಿನ 1.16 ಲಕ್ಷ ಕೋಟಿಯಿಂದ ಪರಿಷ್ಕೃತ ಅಂದಾಜಿನಲ್ಲಿ 4.23 ಲಕ್ಷ ಕೋಟಿ ರೂಪಾಯಿಗೆ ನೆಗೆಯಿತು. ಅದರಲ್ಲಿ ಸೋಂಕಿನ ಕಾಲದ ಉಚಿತ ಧಾನ್ಯದ ವೆಚ್ಚವೂ ಇತ್ತು, ಆದರೆ ದೊಡ್ಡ ಪಾಲು ಹಿಂದಿನ ವರ್ಷಗಳಲ್ಲಿ ಕಾಣದೆ ಉಳಿದ ಕೊರತೆಯದು. ಬಚ್ಚಿಟ್ಟದ್ದನ್ನು ಹೊರತೆಗೆದದ್ದು ಮೆಚ್ಚತಕ್ಕ ಕೆಲಸವೆಂದೇ ನನ್ನ ಅಭಿಪ್ರಾಯ, ಹಾಗೆ ಮಾಡಲು ಎಲ್ಲರ ಕೊರತೆಯೂ ಏರಿದ್ದ ವರ್ಷವನ್ನು ಆಯ್ದುಕೊಂಡದ್ದು ಜಾಣತನ.

ಒಮ್ಮೆ ಮಾತ್ರ ಬರುವ ಹಣವೂ ಇದೇ ಬಗೆಯ ಮರೆ. ಯೂರೋ ಸೇರಲು ಅರ್ಹತೆಯ ವರ್ಷವಾಗಿದ್ದ 1997ರಲ್ಲಿ ಫ್ರಾನ್ಸ್ ಟೆಲಿಕಾಂ ತನ್ನ ನೌಕರರ ಪಿಂಚಣಿಯ ಹೊಣೆಯನ್ನು ಸರ್ಕಾರಕ್ಕೆ ಒಪ್ಪಿಸಿ, ಬದಲಿಗೆ 37.5 ಬಿಲಿಯನ್ ಫ್ರಾಂಕ್ ಕೊಟ್ಟಿತು. ಹಣ ಆ ವರ್ಷದ ಆದಾಯವಾಯಿತು, ಪಿಂಚಣಿಯ ಭಾರ ಮುಂದಿನ ದಶಕಗಳಿಗೆ ಹೋಯಿತು. ಸರ್ಕಾರಿ ಕಂಪನಿಗಳ ಷೇರು ಮಾರಾಟದ ನಿರೀಕ್ಷೆಯಲ್ಲಿ ಇನ್ನೊಂದು ಅಪಾಯವಿದೆ, ಅದು ಬಾರದೆಯೂ ಇರಬಹುದು: 2021-22ಕ್ಕೆ ಭಾರತ ಸರ್ಕಾರ 1.75 ಲಕ್ಷ ಕೋಟಿ ರೂಪಾಯಿಯ ಷೇರು ವಿಕ್ರಯವನ್ನು ಬಜೆಟ್ಟಿನಲ್ಲಿ ಬರೆದು, ಪರಿಷ್ಕರಣೆಯಲ್ಲಿ 78,000 ಕೋಟಿಗೆ ಇಳಿಸಿ, ಕೊನೆಗೆ 15,000 ಕೋಟಿಗಿಂತ ಕಡಿಮೆ ಪಡೆಯಿತು.

ಬಚ್ಚಿಟ್ಟದ್ದು ಏನೆಂದು ಹೆಸರು ಹಿಡಿದು ಹುಡುಕುವ ಮೊದಲೇ, ಬಚ್ಚಿಟ್ಟದ್ದು ಇದೆಯೇ ಎಂದು ತಿಳಿಯಲು ಒಂದು ಸರಳ ಪರೀಕ್ಷೆಯಿದೆ. ಕೊರತೆಯೆಂದರೆ ಆ ವರ್ಷ ಹೊಸದಾಗಿ ಮಾಡಿದ ಸಾಲ. ಆದ್ದರಿಂದ ಐದು ವರ್ಷಗಳ ಕೊರತೆಯನ್ನು ಕೂಡಿದರೆ ಆ ಐದು ವರ್ಷಗಳಲ್ಲಿ ಸಾಲದ ಮೊತ್ತ ಎಷ್ಟು ಏರಿತೋ ಹೆಚ್ಚುಕಡಿಮೆ ಅಷ್ಟೇ ಬರಬೇಕು. ಶೇಕಡಾವಾರಿನಲ್ಲಿ ಅಲ್ಲ, ಹಣದ ಮೊತ್ತದಲ್ಲೇ ಕೂಡಿ. ಶೇಕಡಾವಾರಿನ ಛೇದ ವರ್ಷವರ್ಷವೂ ಬದಲಾಗುತ್ತದೆ. ಕೊರತೆಗಳ ಮೊತ್ತ 15 ಬಂದು ಸಾಲ 20 ಏರಿದ್ದರೆ, ಮಿಕ್ಕ 5 ಎಲ್ಲಿಂದ ಬಂತು ಎಂಬುದು ನ್ಯಾಯವಾದ ಪ್ರಶ್ನೆ. ವಿದೇಶಿ ಸಾಲವಿದ್ದು ಸ್ವಂತ ನಾಣ್ಯ ಕುಸಿದಿರಬಹುದು, ಅದಕ್ಕೆ ಉತ್ತರ ಸಿಗುತ್ತದೆ. ಮುಳುಗುತ್ತಿದ್ದ ಬ್ಯಾಂಕನ್ನೋ ಸರ್ಕಾರಿ ಕಂಪನಿಯನ್ನೋ ಎತ್ತಿಹಿಡಿದಿರಬಹುದು, ಅದಕ್ಕೂ ಸಿಗುತ್ತದೆ. ಯಾವ ಉತ್ತರವೂ ಸಿಗದೆ, ಪ್ರತಿವರ್ಷವೂ ವ್ಯತ್ಯಾಸ ಒಂದೇ ದಿಕ್ಕಿನಲ್ಲಿ ಬರುತ್ತಿದ್ದರೆ, ಕೊರತೆಯ ಅಂಕಿಗಿಂತ ಸಾಲದ ಅಂಕಿಯನ್ನೇ ನಂಬಿ. ಸಾಲ ಕೊಟ್ಟವರು ಇನ್ನೊಂದು ಬದಿಯಲ್ಲಿ ತಮ್ಮದೇ ಲೆಕ್ಕ ಇಟ್ಟಿರುತ್ತಾರೆ.

ಮುಗಿದುಹೋದ ವರ್ಷದ ಅಂಕಿಯೂ ಕಲ್ಲಿನ ಮೇಲೆ ಕೆತ್ತಿದ್ದಲ್ಲ ಎಂಬುದನ್ನು ಗ್ರೀಸ್ ಜಗತ್ತಿಗೆ ತೋರಿಸಿತು. 2009ರ ವಸಂತದಲ್ಲಿ ಆ ವರ್ಷದ ಕೊರತೆ ಜಿಡಿಪಿಯ ಶೇಕಡಾ 3.7 ಎಂದು ಯೂರೋಪಿಗೆ ತಿಳಿಸಿದ್ದರು. ಅಕ್ಟೋಬರಿನಲ್ಲಿ ಹೊಸ ಸರ್ಕಾರ ಬಂದು ಅದು ಶೇಕಡಾ 12 ಮೀರಿದೆ ಎಂದಿತು. ಲೆಕ್ಕ ಪೂರ್ತಿ ಶೋಧಿಸಿದ ಮೇಲೆ ಶೇಕಡಾ 15 ದಾಟಿತು. ಶೋಧಿಸಿ ಸರಿಪಡಿಸಿದ ಅಂಕಿಅಂಶ ಇಲಾಖೆಯ ಮುಖ್ಯಸ್ಥ ಆಂಡ್ರೆಯಾಸ್ ಜಾರ್ಜಿಯು ವರ್ಷಗಟ್ಟಲೆ ನ್ಯಾಯಾಲಯ ಅಲೆಯಬೇಕಾಯಿತು ಎಂಬುದು ಈ ಕಥೆಯ ಕಹಿಯಾದ ಬಾಲ.

ಬಡ್ಡಿಯ ವಿಷಯಕ್ಕೆ ಒಂದೇ ಮಾತು ಸಾಕು. ಸಾಲದ ಎಷ್ಟು ಭಾಗಕ್ಕೆ ದರ ಬೇಗ ಬದಲಾಗುತ್ತದೆ ಎಂದು ನೋಡಿ. ಬ್ರಿಟನ್ನಿನ ಸಾಲದಲ್ಲಿ ಸುಮಾರು ನಾಲ್ಕನೇ ಒಂದು ಭಾಗ ಬೆಲೆಯೇರಿಕೆಗೆ ಕಟ್ಟಿದ ಸಾಲಪತ್ರಗಳಾದ್ದರಿಂದ, ಬೆಲೆ ಚಿಮ್ಮಿದ 2022-23ರಲ್ಲಿ ಅಲ್ಲಿನ ಬಡ್ಡಿವೆಚ್ಚ 100 ಬಿಲಿಯನ್ ಪೌಂಡ್ ದಾಟಿತು.

ಲೆಕ್ಕ ಹಾಕಿದವರು ಯಾರು

ಖರ್ಚು ಮಾಡುವವರೇ ಆದಾಯದ ಅಂದಾಜನ್ನೂ ಮಾಡಿದರೆ ಏನಾಗುತ್ತದೆಂಬುದು ಗೊತ್ತಿದ್ದೇ ಹಲವು ದೇಶಗಳು ಆ ಕೆಲಸವನ್ನು ಬೇರೆಯವರ ಕೈಗೆ ಕೊಟ್ಟಿವೆ. ನೆದರ್ಲೆಂಡ್ಸ್‌ನಲ್ಲಿ 1945ರಲ್ಲೇ ಯಾನ್ ಟಿನ್‌ಬರ್ಗನ್ ನೇತೃತ್ವದಲ್ಲಿ ಇಂಥ ಸಂಸ್ಥೆ ಶುರುವಾಯಿತು. 1986ರಿಂದ ಅದು ರಾಜಕೀಯ ಪಕ್ಷಗಳ ಚುನಾವಣಾ ಪ್ರಣಾಳಿಕೆಗಳ ಖರ್ಚುವೆಚ್ಚವನ್ನೂ ಲೆಕ್ಕ ಹಾಕಿ ಕೊಡುತ್ತಿದೆ. ಅಮೆರಿಕದ ಕಚೇರಿ 1974ರ ಕಾನೂನಿನಿಂದ ಬಂದದ್ದು, ಬ್ರಿಟನ್ನಿನದು 2010ರದು. ನನಗೆ ಎಲ್ಲಕ್ಕಿಂತ ಹಿಡಿಸಿದ್ದು ಚಿಲಿಯ ಏರ್ಪಾಡು: ಅಲ್ಲಿನ ಬೊಕ್ಕಸ ತಾಮ್ರದ ಬೆಲೆಗೆ ತೂಗುಬಿದ್ದಿರುವುದರಿಂದ, ತಾಮ್ರದ ದೀರ್ಘಕಾಲದ ಬೆಲೆ ಎಷ್ಟೆಂಬುದನ್ನು ಸಚಿವರು ಹೇಳುವಂತಿಲ್ಲ, ಸ್ವತಂತ್ರ ತಜ್ಞರ ಸಮಿತಿ ಹೇಳುತ್ತದೆ, ಆರ್ಥಿಕತೆಯ ಸಹಜ ಬೆಳವಣಿಗೆಗೂ ಇನ್ನೊಂದು ಸಮಿತಿ. ಅತಿ ದೊಡ್ಡ ‘ರೆ’ಗಳನ್ನು ಆಸೆಯಿರುವವರ ಕೈಯಿಂದ ಕಿತ್ತುಕೊಂಡಂತೆ.

ಆದರೆ ಸ್ವತಂತ್ರ ಕಚೇರಿಯೂ ಸರ್ಕಾರ ಕೊಟ್ಟ ನೀತಿಯನ್ನೇ ಇಟ್ಟುಕೊಂಡು ಲೆಕ್ಕ ಹಾಕಬೇಕಾದಾಗ ಇಂಧನ ಸುಂಕದ ಪ್ರಹಸನ ತಪ್ಪುವುದಿಲ್ಲ. ಅಂಥ ಕಚೇರಿಯ ಲೆಕ್ಕವನ್ನು ಓದುವಾಗ, ಅವರೇ ಪ್ರಕಟಿಸುವ ತಪ್ಪುಗಳ ವಾರ್ಷಿಕ ಪರಿಶೀಲನೆಯನ್ನೂ, ಬೀಸಣಿಗೆಯಂತೆ ಹರಡಿಕೊಳ್ಳುವ ನಕ್ಷೆಯನ್ನೂ ಜೊತೆಗಿಟ್ಟುಕೊಳ್ಳಿ. ನಡುವಿನ ಗೆರೆಗಿಂತ ಬೀಸಣಿಗೆಯ ಅಗಲವೇ ಹೆಚ್ಚು ಹೇಳುತ್ತದೆ. ಲೆಕ್ಕವೇ ಇಲ್ಲದಿರುವುದೂ ಒಂದು ಸುದ್ದಿ. 2022ರ ಸೆಪ್ಟೆಂಬರ್ 23ರಂದು ಬ್ರಿಟನ್ನಿನ ಹಣಕಾಸು ಸಚಿವ ಕ್ವಾಸಿ ಕ್ವಾರ್ಟೆಂಗ್ ಸುಮಾರು 45 ಬಿಲಿಯನ್ ಪೌಂಡ್‌ಗಳ ತೆರಿಗೆ ಕಡಿತವನ್ನು ಅಲ್ಲಿನ ಬಜೆಟ್ ಹೊಣೆಗಾರಿಕೆ ಕಚೇರಿಯ ಮುನ್ನಂದಾಜಿಲ್ಲದೆಯೇ ಘೋಷಿಸಿದರು. ಐದು ದಿನಗಳೊಳಗೆ ಸರ್ಕಾರಿ ಸಾಲಪತ್ರಗಳನ್ನು ಕೊಳ್ಳಲು ಬ್ಯಾಂಕ್ ಆಫ್ ಇಂಗ್ಲೆಂಡ್ ಮಾರುಕಟ್ಟೆಗೆ ಇಳಿಯಬೇಕಾಯಿತು. ಅನುಮಾನದಿಂದ ಓದುವುದಕ್ಕಾದರೂ ಒಂದು ಅಂದಾಜು ಬೇಕು.

ಕೊನೆಗೆ ನಿಮ್ಮದೂ ಒಂದು ಅಂಕಿ

ಅನುಮಾನಿಸುವವನು ತನ್ನನ್ನೂ ಪರೀಕ್ಷೆಗೆ ಒಡ್ಡಿಕೊಳ್ಳದಿದ್ದರೆ ಅದು ಬರೀ ಗೊಣಗಾಟ. ಬಜೆಟ್ ಓದಿ ಮುಗಿದ ರಾತ್ರಿಯೇ ಹಾಳೆಯ ಕೆಳಗೆ ಮೂರು ಅಂಕಿ ಬರೆಯಿರಿ: ಸರ್ಕಾರ ಹೇಳಿದ ಕೊರತೆ, ಬೆಳವಣಿಗೆ ಮತ್ತು ಬಾಯನ್ಸಿ ಕಳೆದ ಐದು ವರ್ಷದ ಸರಾಸರಿಯಂತಿದ್ದರೆ ಬರುವ ಕೊರತೆ, ಅದರ ಮೇಲೆ ನಡೆಯಲಾರದ ಗಡುವುಗಳನ್ನೂ ಬಾರದ ಷೇರು ಹಣವನ್ನೂ ಅಳಿಸಿದಾಗ ಬರುವ ಕೊರತೆ. ದಿನಾಂಕ ಹಾಕಿ, ಆ ಬಜೆಟ್ ಪುಸ್ತಕದೊಳಗೇ ಮಡಿಸಿಡಿ. ವಾಸ್ತವಿಕ ಲೆಕ್ಕ ಕೈಗೆ ಬರಲು ಎರಡು ವರ್ಷ ಬೇಕು, ಅಷ್ಟರಲ್ಲಿ ನಾವು ಏನು ಹೇಳಿದ್ದೆವೆಂಬುದು ನಮಗೇ ನೆನಪಿರುವುದಿಲ್ಲ. ಅಥವಾ ನಮಗೆ ಬೇಕಾದಂತೆ ನೆನಪಿರುತ್ತದೆ.

ನನ್ನ ಅಂಥ ಹಾಳೆಯೊಂದು 2021ರ ಫೆಬ್ರುವರಿಯದು. 2020-21ರ ಪರಿಷ್ಕೃತ ಕೊರತೆ ಶೇಕಡಾ 9.5 ಎಂದು ಸರ್ಕಾರ ಹೇಳಿದಾಗ, ಎರಡು ವರ್ಷ ಹಿಂದಿನ ತೆರಿಗೆ ಅಂದಾಜಿನ ಗತಿ ಕಂಡಿದ್ದ ನಾನು ಇದು 10 ದಾಟುವುದು ಖಂಡಿತ ಎಂದು ಬರೆದು ಕೆಳಗೆ ಎರಡು ಗೆರೆ ಎಳೆದಿದ್ದೆ. ಅಂತಿಮ ಲೆಕ್ಕ 9.2. ಕೇಂದ್ರದ ಪಾಲಿನ ತೆರಿಗೆಯನ್ನು ಅವರು 13.45 ಲಕ್ಷ ಕೋಟಿ ಎಂದು ಅಂದಾಜಿಸಿದ್ದರು, ಬಂದದ್ದು 14.26 ಲಕ್ಷ ಕೋಟಿ. ಬಿಲ್ಲು ಅಷ್ಟರಲ್ಲಿ ಇನ್ನೊಂದು ಕಡೆಗೆ ಬಾಗಿತ್ತು, ನಾನು ಹಳೆಯ ಪಟ್ಟಿಯನ್ನೇ ನೋಡುತ್ತ ಕುಳಿತಿದ್ದೆ. ಆ ಹಾಳೆ ಈಗಲೂ ಆ ಪುಸ್ತಕದೊಳಗಿದೆ, ಎರಡು ಗೆರೆಗಳ ಸಮೇತ.